ಅಂಜೂರದ ಉಂಡೆ

ಬೆನ್ನುನೋವು ಶುರುವಾದದ್ದು ಪಿಎಚ್‌ಡಿಯ ಮೂರನೇ ವರ್ಷದಲ್ಲಿ. ಕಿಟ್ಟೆಲ್ ಮತ್ತು ಬಾಸೆಲ್ ಮಿಷನ್ನಿನ ಕನ್ನಡ ಗದ್ಯದ ಮೇಲೆ ಕೆಲಸ ಮಾಡುತ್ತಿದ್ದೆ. ದಿನಕ್ಕೆ ಎಂಟು ತಾಸು ಕೂತು ಓದುವವಳಿಗೆ ಬೆನ್ನು ನೋಯದೆ ಇನ್ನೇನು ನೋಯುತ್ತದೆ ಎಂದು ಗೆಳತಿಯರು ನಕ್ಕರು. ನಾನೂ ನಕ್ಕೆ. ಮುಲಾಮು, ನೋವಿನ ಗುಳಿಗೆ, ಒಂದೆರಡು ಇಂಜೆಕ್ಷನ್ ಎಂದು ನಾಲ್ಕು ತಿಂಗಳು ಕಳೆದವು. ರಾತ್ರಿ ಹೆಚ್ಚಾಗುವ ನೋವು, ಸಂಜೆಯ ಸಣ್ಣ ಜ್ವರ, ದಿನದಿಂದ ದಿನಕ್ಕೆ ಸಡಿಲವಾಗುತ್ತಿದ್ದ ಬಟ್ಟೆ, ಇವನ್ನೆಲ್ಲ ಜೋಡಿಸಿ ನೋಡುವ ಬುದ್ಧಿ ಬರಲಿಲ್ಲ. ಕೊನೆಗೆ ವಿಜಯಪುರದಲ್ಲಿ ಎಂಆರ್‌ಐ ಮಾಡಿಸಿದಾಗ ಬೆನ್ನಿನ ಎರಡು ಮಣಿಗಳ ನಡುವೆ ಕೀವು ಕಂಡಿತು. ಅದನ್ನು ಸೂಜಿಯಿಂದ ತೆಗೆದು ಪರೀಕ್ಷಿಸಿದರು. ಬೆನ್ನೆಲುಬಿನ ಟಿಬಿ.

ಟಿಬಿ ಎಂದರೆ ಕೆಮ್ಮು ಎಂದಷ್ಟೇ ತಿಳಿದಿದ್ದೆ. ಅದು ಎಲುಬಿಗೂ ಬರುತ್ತದೆ, ನರವನ್ನು ಒತ್ತಿದರೆ ಕಾಲು ಸ್ವಾಧೀನ ತಪ್ಪಬಹುದು, ಆದರೆ ಗುಳಿಗೆಗೆ ಬಗ್ಗುತ್ತದೆ ಎಂದರು ಡಾಕ್ಟರು. ಮೊದಲ ಎರಡು ತಿಂಗಳು ನಾಲ್ಕು ಬಗೆಯ ಔಷಧ, ಆಮೇಲೆ ಮೂರು. ಒಟ್ಟು ಒಂದು ವರ್ಷವಾದರೂ ನುಂಗಬೇಕು, ಒಂದು ದಿನವೂ ತಪ್ಪಬಾರದು. ಗುಳಿಗೆ ಸರಕಾರದ್ದು, ಪುಕ್ಕಟೆ. ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 1,000 ರೂಪಾಯಿ. ಸೊಂಟಕ್ಕೆ ಬೆಲ್ಟ್ ಬಿಗಿದುಕೊಂಡು, ಹಾಸ್ಟೆಲ್ ಖಾಲಿ ಮಾಡಿ ತಿಕೋಟಾದ ಮನೆಗೆ ಬಂದೆ.

ಅದು ದ್ರಾಕ್ಷಿಯ ಸುಗ್ಗಿ. ಅಪ್ಪ ತೋಟದಲ್ಲಿ, ಅವ್ವ ಒಣದ್ರಾಕ್ಷಿ ಶೆಡ್ಡಿನಲ್ಲಿ. ಇಡೀ ದಿನ ಮನೆಯಲ್ಲಿ ನಾನು ಮತ್ತು ಗೋಡೆ. ನಮ್ಮದು ಮೂರು ತಲೆಮಾರಿನ ಕ್ರೈಸ್ತ ಮನೆ. ಆದರೆ ಸಂಶೋಧನೆಗೆ ಇಳಿದ ಮೇಲೆ ಮಿಷನರಿಗಳು ನನಗೆ ಅಧ್ಯಯನದ ವಸ್ತುವಾಗಿದ್ದರು. ಪ್ರಾರ್ಥನೆಯನ್ನು ಅವ್ವನ ಪಾಲಿಗೆ ಬಿಟ್ಟಿದ್ದೆ.

ಗುಳಿಗೆ ನುಂಗಿದ ಮೊದಲ ದಿನವೇ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತು. ಅದು ಔಷಧದ ಬಣ್ಣ, ಹೆದರಬೇಡ ಎಂದು ಮೊದಲೇ ಹೇಳಿದ್ದರೂ ಹೆದರಿದೆ. ಆಮೇಲೆ ವಾಂತಿ. ಎರಡನೇ ತಿಂಗಳ ಹೊತ್ತಿಗೆ ಗುಳಿಗೆಯ ಹಾಳೆ ಕಂಡರೇ ಹೊಟ್ಟೆ ತೊಳಸುತ್ತಿತ್ತು. ಆಗ ಸಂಬಂಧಿಕರ ಮನೆಯಲ್ಲೊಂದು ಪ್ರಾರ್ಥನಾ ಕೂಟ. ಬೇರೆ ಊರಿಂದ ಬಂದಿದ್ದ ಒಬ್ಬರು ನನ್ನ ತಲೆಯ ಮೇಲೆ ಕೈಯಿಟ್ಟು ಜೋರಾಗಿ ಪ್ರಾರ್ಥಿಸಿ, “ನಿನಗ ವಾಸಿ ಆಗೇದ. ಇನ್ನ ಗುಳಿಗಿ ನುಂಗಿದ್ರ ಅದು ಅಪನಂಬಿಗಿ” ಎಂದರು.

ಅವರ ಮಾತು ನಿಜವಾಗಿರಲಿ ಅನಿಸಿತು. ಭಕ್ತಿಯಿಂದ ಅಲ್ಲ, ವಾಂತಿಯ ಬೇಸರದಿಂದ. ಮೂರು ದಿನ ಗುಳಿಗೆಗಳನ್ನು ದಿಂಬಿನ ಕೆಳಗೆ ತುರುಕಿದೆ.

ನಾಲ್ಕನೇ ದಿನ ಬಬಲೇಶ್ವರದಿಂದ ಆಯಿ ಬಂದಳು. ಹಾಸಿಗೆ ಕೊಡವಿದಾಗ ಗುಳಿಗೆಗಳು ನೆಲಕ್ಕೆ ಉರುಳಿದವು. ಬೈಯಲಿಲ್ಲ. ಒಂದೊಂದನ್ನೇ ಆರಿಸಿ ಸೆರಗಿನಲ್ಲಿ ಹಾಕಿಕೊಂಡು ಪಕ್ಕಕ್ಕೆ ಕೂತಳು. ಆಯಿಗೆ ಓದು ಬರದು. ಸತ್ಯವೇದವೆಲ್ಲ ಕೇಳಿಯೇ ಗೊತ್ತು.

“ಹಿಜ್ಕೀಯ ರಾಜಂದು ಓದು” ಎಂದಳು.

ಯೆಶಾಯನ ಪುಸ್ತಕದ 38ನೇ ಅಧ್ಯಾಯ. ಸಾಯುವಷ್ಟು ಕಾಯಿಲೆ ಬಿದ್ದ ರಾಜ ಗೋಡೆಯ ಕಡೆ ಮುಖ ತಿರುಗಿಸಿ ಅಳುತ್ತಾನೆ. ದೇವರು ಅವನ ಆಯುಷ್ಯಕ್ಕೆ 15 ವರ್ಷ ಸೇರಿಸುತ್ತಾನೆ. ಅಧ್ಯಾಯದ ಕೊನೆಗೆ, ಅಂಜೂರದ ಉಂಡೆಯನ್ನು ಹುಣ್ಣಿಗೆ ಕಟ್ಟಬೇಕೆಂದು ಪ್ರವಾದಿ ಹೇಳಿದ್ದು ಬರುತ್ತದೆ. ಎಷ್ಟೋ ಸಲ ಕೇಳಿದ ಕಥೆ; ಅಂಜೂರ ಮಾತ್ರ ನೆನಪಿರಲಿಲ್ಲ.

“ಹದಿನೈದ ವರ್ಷ ಕೊಡ್ತೀನಿ ಅಂತ ದೇವರ ಹೇಳಿದಮ್ಯಾಲ ಅಂಜೂರ ಯಾಕ ಬೇಕಾಗಿತ್ತವಾ?” ಆಯಿ ಕೇಳಿದಳು. ನಾನು ಸುಮ್ಮನಿದ್ದೆ. “ನಿನ್ನ ಗುಳಿಗೀನೂ ಅಂಜೂರನ. ನುಂಗು.”

ಮರುದಿನ ಆಸ್ಪತ್ರೆಗೆ ಹೋಗಿ ನಡೆದದ್ದನ್ನು ಹೇಳಿದೆ. ಹೀಗೆ ಬಿಟ್ಟು ಬಿಟ್ಟು ನುಂಗಿದರೆ ರೋಗಾಣು ಔಷಧಕ್ಕೇ ಪಳಗಿಬಿಡುತ್ತದೆ, ಆಮೇಲಿನ ಚಿಕಿತ್ಸೆ ಇದಕ್ಕಿಂತ ಕಷ್ಟ ಎಂದು ಡಾಕ್ಟರು ತಿಳಿಸಿ ಹೇಳಿದರು. ಲಿವರ್ ಪರೀಕ್ಷೆ ಮಾಡಿಸಿ, ವಾಂತಿಗೆ ಬೇರೆ ಗುಳಿಗೆ ಕೊಟ್ಟರು. ಇಷ್ಟು ದಿನ ವಾಂತಿಯ ವಿಷಯವನ್ನು ಅವರಿಗೆ ನಾನು ಹೇಳಿಯೇ ಇರಲಿಲ್ಲ.

ಆ ಮೇಲೆ ನನಗೆ ಹಿಡಿದದ್ದು ಅಂಜೂರವಲ್ಲ, ಗೋಡೆ. ರಾಜನೂ ಗೋಡೆಗೆ ಮುಖ ಮಾಡಿ ಮಲಗಿದ್ದ. ನಂಬಿಕೆಯಿದ್ದವರು ಗೊಣಗಬಾರದು ಎಂದುಕೊಂಡಿದ್ದ ನಾನು ಕೀರ್ತನೆಗಳನ್ನು ಮೊದಲಿಂದ ಓದಿದೆ. 150ರಲ್ಲಿ ಎಷ್ಟೊಂದು ಬರೀ ದೂರು! ಎಲ್ಲಿದ್ದೀ, ಯಾಕೆ ಕೇಳುತ್ತಿಲ್ಲ ಎಂದು ದೇವರನ್ನೇ ಜಗ್ಗಿ ಕೇಳುವ ಮಾತುಗಳು. ಪೌಲನಂಥ ಪೌಲನೇ ತನ್ನ ಶರೀರದ ಮುಳ್ಳು ತೆಗೆ ಎಂದು ಮೂರು ಸಲ ಬೇಡಿದ. ಮುಳ್ಳು ಹೋಗಲಿಲ್ಲ, ಅದರೊಂದಿಗೇ ಬದುಕಲು ಸಾಕಾಗುವಷ್ಟು ಕೃಪೆ ಸಿಕ್ಕಿತು. ವಾಸಿಯಾಗುತ್ತದೆ ಎಂಬ ಖಾತರಿ ನನಗೂ ಯಾರಿಂದಲೂ ಸಿಗಲಿಲ್ಲ. ಅಳುವಾಗ ಕೇಳಿಸಿಕೊಳ್ಳುವವನೊಬ್ಬ ಇದ್ದಾನೆ ಎಂಬುದಷ್ಟು ಸಿಕ್ಕಿತು. ಬೆಳಗ್ಗೆ ಎದ್ದು ಖಾಲಿ ಹೊಟ್ಟೆಯಲ್ಲಿ ಗುಳಿಗೆ ನುಂಗಲು ಅಷ್ಟು ಸಾಕಾಯಿತು.

ಮಲಗಿಕೊಂಡೇ ಟಿಪ್ಪಣಿಗಳನ್ನು ತೆರೆದೆ. ಕಿಟ್ಟೆಲ್ 1853ರಲ್ಲಿ ಬಂದವರು. 1864ರಲ್ಲಿ ಹೆಂಡತಿ ತೀರಿಕೊಂಡರು. ಆರೋಗ್ಯ ಕೆಟ್ಟು ಜರ್ಮನಿಗೆ ಹೋದವರು ನಿಘಂಟಿಗಾಗಿ ಮತ್ತೆ ಬಂದರು. ಸುಮಾರು 70,000 ಪದಗಳ ಆ ನಿಘಂಟು 1894ರಲ್ಲಿ ಅಚ್ಚಾಯಿತು. ನಾನು ಇದನ್ನೆಲ್ಲ ಒಂದು ಅಡಿಟಿಪ್ಪಣಿಯಲ್ಲಿ ಮುಗಿಸಿದ್ದೆ. ಮಿಷನರಿಗಳ ಬಗೆಗಿನ ನನ್ನ ಪ್ರಶ್ನೆಗಳು ಈಗಲೂ ಹಾಗೇ ಇವೆ. ಆದರೆ ಮೈ ಸರಿಯಿಲ್ಲದ ಮನುಷ್ಯನೊಬ್ಬ ಮುಂದಿನ ಪದಕ್ಕೆ ಹೋಗುವುದೆಂದರೇನು ಎಂಬುದು ಆಗ ಅರ್ಥವಾಯಿತು.

ಹದಿಮೂರು ತಿಂಗಳಿಗೆ ಗುಳಿಗೆ ನಿಂತವು. ಬೆನ್ನು ತುಸು ಬಾಗಿದೆ, ಭಾರ ಎತ್ತುವ ಹಾಗಿಲ್ಲ. ವಿಜಯಪುರದ ಹಾಸ್ಟೆಲ್ಲಿಗೆ ಮರಳಿದ್ದೇನೆ. ನಾಲ್ಕನೇ ಅಧ್ಯಾಯ ನಡೆದಿದೆ.

ಹೋದ ಭಾನುವಾರ ಬಬಲೇಶ್ವರಕ್ಕೆ ಹೋಗಿದ್ದೆ. ಆಯಿಗೆ ಈಗ ಬಿಪಿ. “ನನಗೇನಾಗೇದ, ಗಟ್ಟಿ ಅದೀನಿ” ಎಂದು ವಾರದಿಂದ ಗುಳಿಗೆ ಮುಟ್ಟಿರಲಿಲ್ಲವಂತೆ. ಚೊಂಬಿನಲ್ಲಿ ನೀರು ತಂದು, ಗುಳಿಗೆಯನ್ನು ಅಂಗೈಯಲ್ಲಿಟ್ಟು ಮುಂದೆ ಹಿಡಿದೆ.

“ತಗೋ ಆಯಿ, ಅಂಜೂರ.”

ನನ್ನನ್ನೇ ದಿಟ್ಟಿಸಿ ನೋಡಿದಳು. ಬಾಯಿ ತುಂಬ ನಕ್ಕು, ನುಂಗಿದಳು.