ಉಪ್ಪಿಗೆ ಒಂದು ಮನೆ ಹೆಚ್ಚು

ತಿಂಗಳ ಸಾಮಾನಿನ ಪಟ್ಟಿಗೆ ಒಂದು ಚೀಟಿ ಸಾಕು. ಆದರೆ ಪ್ರೋಗ್ರಾಂ ಬರೆಯುವ ಚಟ ಹತ್ತಿದವನಿಗೆ ಚೀಟಿ ಎಲ್ಲಿ ಸಾಲುತ್ತದೆ? ಟರ್ಮಿನಲ್ಲಿನ ಕಪ್ಪು ಪರದೆಯ ಮೇಲೆ ಪಟ್ಟಿ ಮೂಡಿಸಿ ಅಮ್ಮನನ್ನು ಕರೆದೆ. "ಗೆರೆ ಯಾಕೋ ಹೀಗೆ ವಾಲಾಡ್ತಿದೆ?" ಅಂದಳು. ನಿಜ, ಸಾಮಾನಿಗೂ ದರಕ್ಕೂ ನಡುವಿನ ಗೆರೆ ಸಾಲಿಗೊಂದು ಕಡೆ ನಿಂತಿತ್ತು.

ಟರ್ಮಿನಲ್ ಅಂದರೆ ಚೌಕಾಬಾರದ ಹಾಗೆ ಬರೀ ಮನೆಗಳು. ಸಾಲಿಗೆ 80 ಮನೆ ಎಂಬ ರೂಢಿ 1928ರ ಐಬಿಎಂ ಪಂಚ್ ಕಾರ್ಡಿನಿಂದ ಬಂದದ್ದು. ಇಂಗ್ಲಿಷ್ ಅಕ್ಷರಕ್ಕೆ ಒಂದು ಮನೆ. ಚೀನೀ ಅಕ್ಷರ ಮೈತುಂಬಿಕೊಂಡದ್ದು, ಅದಕ್ಕೆ ಎರಡು. ಕನ್ನಡಕ್ಕೆ? ತಮಾಷೆ ಇರುವುದೇ ಅಲ್ಲಿ.

ಮೊದಲ ತಪ್ಪು ನನ್ನದೇ. ಸಿ ಭಾಷೆಯಲ್ಲಿ ಪರದೆಗೆ ಬರೆಯುವ ಪ್ರಿಂಟ್‌ಎಫ್‌ಗೆ ಹತ್ತರ ಅಗಲ ಬೇಕೆಂದರೆ ಅದು ಎಣಿಸುವುದು ಬೈಟುಗಳನ್ನು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು. ‘ಬೆಲ್ಲ’ದಲ್ಲಿ 5 ಸಂಕೇತ, 15 ಬೈಟು. ಹತ್ತು ಆಗಲೇ ದಾಟಿತಲ್ಲ ಎಂದು ಅದು ಒಂದೂ ಖಾಲಿ ಜಾಗ ಬಿಡದೆ ಕೈತೊಳೆದುಕೊಂಡಿತ್ತು.

ಅದನ್ನು ಬಿಟ್ಟು, ಅಗಲ ಅಳೆಯುವುದಕ್ಕೆಂದೇ ಇರುವ ಡಬ್ಲ್ಯೂಸಿವಿಡ್ತ್ ಹಿಡಿದೆ. ಮಾರ್ಕಸ್ ಕೂನ್ ಬರೆದ, ಹಲವರು ಎತ್ತಿಕೊಂಡು ಬಳಸಿದ ಆವೃತ್ತಿ. ಅದರ ಲೆಕ್ಕದಲ್ಲಿ ಗುಡಿಸು, ಎತ್ವ, ವಿರಾಮ ಕಂಕುಳ ಕೂಸುಗಳು, ಟಿಕೆಟ್ ಇಲ್ಲ. ಕೊಂಬಿಗೆ ಮಾತ್ರ ಪೂರ್ತಿ ಸೀಟು! ಯೂನಿಕೋಡ್ ಕೊಂಬನ್ನು ಜಾಗ ಹಿಡಿಯುವ ಚಿಹ್ನೆಗಳ ಗುಂಪಿಗೆ ಸೇರಿಸಿದೆ. ಹಾಗಾಗಿ ಬೆಲ್ಲಕ್ಕೆ 3 ಮನೆ, ಉಪ್ಪಿಗೆ 4. ಮಗ್ಗಿ ಬಾರದ ಮಗು ಕೂಡ ಎರಡಕ್ಕೂ ಎರಡೆರಡೇ ಅಕ್ಷರ ಎಣಿಸೀತು.

ಟರ್ಮಿನಲ್ಲಿನ ಲೆಕ್ಕವೇನು? ಅದನ್ನೇ ಕೇಳಬಹುದು. ಸಾಲಿನ ಮೊದಲಿಗೆ ‘ಉಪ್ಪು’ ಬರೆದು, ಬೆನ್ನಿಗೇ ಎಸ್ಕೇಪ್, ಚೌಕ ಆವರಣ, 6, ಎನ್ ಕಳಿಸಿದರೆ ಕರ್ಸರ್ ನಿಂತ ಮನೆಯ ನಂಬರು ವಾಪಸು ಬರುತ್ತದೆ. ನನಗೆ ಬಂದದ್ದು 3. ಅಂದರೆ ಟರ್ಮಿನಲ್ ಉಪ್ಪಿಗೆ ಕೊಟ್ಟದ್ದು ಎರಡೇ ಮನೆ! ಬೆಲ್ಲಕ್ಕೂ ಎರಡೇ. ಅದಕ್ಕೇ ಬೆಲ್ಲದ ಸಾಲಿನಲ್ಲಿ ಗೆರೆ ಒಂದು ಮನೆ ಎಡಕ್ಕೆ, ಉಪ್ಪಿನ ಸಾಲಿನಲ್ಲಿ ಎರಡು ಮನೆ ಎಡಕ್ಕೆ. ಡಬ್ಲ್ಯೂಸಿವಿಡ್ತ್, ಟರ್ಮಿನಲ್ ಇಬ್ಬರೂ ಅವರವರ ಪುಸ್ತಕದ ಪ್ರಕಾರ ಸರಿಯೇ. ಪುಸ್ತಕಗಳು ಬೇರೆ ಬೇರೆ, ಅಷ್ಟೆ.

ಆ ಪಂಚಾಯ್ತಿ ನನಗೇಕೆ? ಖಾಲಿ ಜಾಗ ಎಣಿಸುವುದನ್ನೇ ಬಿಟ್ಟು, ಹೆಸರು ಬರೆದಾದ ಮೇಲೆ ‘ನೇರ 20ನೇ ಮನೆಗೆ ಹೋಗು’ ಎಂದು ಕರ್ಸರಿಗೆ ಹೇಳಿದೆ. ಗೆರೆ ನೆಟ್ಟಗಾಯಿತು. ಅಮ್ಮ ಮತ್ತೆ ಬಂದು ನೋಡಿದಳು.

"ಚೆನ್ನಾಗಿದೆ. ಅಂಗಡಿಗೆ ಇದನ್ನ ಹೇಗೋ ತಗೊಂಡು ಹೋಗ್ತೀಯ?"

ಚೀಟಿ ಹುಡುಕಿದೆ.