ಮೂರು ತಾಲ್ಲೂಕಿನ ಮಣ್ಣು, ಒಂದು ಓತಿಕ್ಯಾತ

ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಅಕ್ಕಪಕ್ಕದ ತಾಲ್ಲೂಕುಗಳು. ಮಣ್ಣು ಮಾತ್ರ ಮೂರು ಥರ. ಅಜ್ಜಂಪುರದ ಕಡೆ ಎರೆ, ತರೀಕೆರೆ ಕಡೆ ಅಡಿಕೆ ತೋಟದ ತಂಪು ಮಣ್ಣು, ಕಡೂರಿನ ಬಯಲಲ್ಲಿ ಮರಳು ಬೆರೆತ ಕೆಮ್ಮಣ್ಣು. ನಮ್ಮ ನೆಂಟರು ಮೂರೂ ಕಡೆ ಇದ್ದಾರೆ. ಆದರೆ ಬೆಳೆ ವಿಚಾರ ಬಿಟ್ಟು ಬೇರೆ ಕಾರಣಕ್ಕೆ ಈ ಮಣ್ಣುಗಳನ್ನು ಕೈಯಲ್ಲಿ ಹಿಡಿದು ನೋಡಿದ್ದು ಇದೇ ಮೊದಲು. ಕಾರಣ, ಬೆಂಗಳೂರಿನ ಫ್ಲಾಟಿನಲ್ಲಿರುವ ಒಂದು ಓತಿಕ್ಯಾತ.

ಅಕ್ಕನ ಮಗ ಸಾಕಿರುವುದು ಬಿಯರ್ಡೆಡ್ ಡ್ರಾಗನ್. ಆಸ್ಟ್ರೇಲಿಯಾದ ಒಳನಾಡಿನ ಒಣ ಬಯಲಿನ ಪ್ರಾಣಿ. ಬೆದರಿದರೆ ಗಂಟಲು ಉಬ್ಬಿಸಿ ಕಪ್ಪಗೆ ಮಾಡಿಕೊಳ್ಳುತ್ತದೆ, ಅದೇ ಅದರ ಗಡ್ಡ. ನಮ್ಮ ಬೇಲಿಯ ಓತಿಕ್ಯಾತವೂ ಅದೂ ಒಂದೇ ಕುಟುಂಬದವು. ಅಲ್ಲಿಯೂ ಅವು ಬೇಲಿ ಕಂಬ ಹತ್ತಿ ಬಿಸಿಲು ಕಾಯಿಸುತ್ತವೆ. 'ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ' ಅನ್ನುವ ಗಾದೆ ಆ ದೇಶಕ್ಕೂ ಸಲ್ಲುತ್ತದೆ. ಬಿಸಿಲು ಮಿತಿಮೀರಿದರೆ, ಚಳಿ ಹೆಚ್ಚಾದರೆ ನೆಲ ತೋಡಿ ಒಳಗೆ ಸೇರಿಕೊಳ್ಳುತ್ತವೆ.

ಬೆಂಗಳೂರಿನದಕ್ಕೆ ತೋಡಲು ನೆಲವೇ ಇರಲಿಲ್ಲ. ಗಾಜಿನ ಪೆಟ್ಟಿಗೆ, ಕೆಳಗೆ ಟೈಲ್ಸ್. ಮೂರು ದಿನದಿಂದ ಮೂಲೆ ಕೆರೆಯುತ್ತಿದೆ, ಹುಳ ಹಾಕಿದರೂ ತಿನ್ನುತ್ತಿಲ್ಲ. ಡಾಕ್ಟರ ಹತ್ತಿರ ಹೋದರೆ, "ಹೊಟ್ಟೆಯಲ್ಲಿ ಮೊಟ್ಟೆ ಇದೆ, ಮೊದಲು ಮಣ್ಣು ಕೊಡಿ" ಅಂದರಂತೆ. ಹುಡುಗ ಊರಿಗೆ ಫೋನ್ ಮಾಡಿದ.

"ಅಜ್ಜಿ, ಒಂದು ಚೀಲ ಮಣ್ಣು ಕಳಿಸ್ತೀಯಾ?"

"ಬೆಂಗಳೂರಲ್ಲಿ ಮಣ್ಣಿಗೂ ಬರ ಬಂತೇನೋ?" ಅಂತ ಅಮ್ಮ ನಕ್ಕರು. ಆಮೇಲೆ, "ಇರೋದು ಒಂದೇ ಅಂತೀಯ, ಗಂಡಿಲ್ಲದೆ ಅದೆಂಗೋ ಮೊಟ್ಟೆ?" ಅಂದರು. ಉತ್ತರವನ್ನೂ ಅವರೇ ಹೇಳಿಕೊಂಡರು: "ಹುಂಜ ಇಲ್ಲದಿದ್ರೂ ಕೋಳಿ ಇಡಲ್ವಾ, ಹಂಗೇ ಇರಬೇಕು." ಸರಿಯೇ. ಆ ಮೊಟ್ಟೆ ಮರಿಯಾಗುವುದಿಲ್ಲ, ಆದರೂ ಇಡಲೇಬೇಕು. ಜಾಗ ಸಿಗದೆ ತಡೆಹಿಡಿದರೆ ಒಳಗೇ ಸಿಕ್ಕಿಹಾಕಿಕೊಂಡು ಜೀವಕ್ಕೇ ಅಪಾಯ.

ಹಾಗಾಗಿ ಮಣ್ಣಿನ ಆಯ್ಕೆ ಹುಡುಗಾಟದ ವಿಷಯವಾಗಿರಲಿಲ್ಲ. ಮೊದಲು ಕೈಗೆ ಸಿಕ್ಕಿದ್ದು ಮನೆ ಹಿಂದಿನ ಅಡಿಕೆ ತೋಟದ ಮಣ್ಣು. ಆದರೆ ಕೊಳೆ ರೋಗಕ್ಕೆ ಅಂತ ವರ್ಷವರ್ಷವೂ ಬೋರ್ಡೋ ಹೊಡೆಯುತ್ತೇವೆ. ಮೈಲುತುತ್ತ ತೊಟ್ಟಿಕ್ಕುವುದು ಅದೇ ಮಣ್ಣಿಗೆ. ಮುಖ ಹುದುಗಿಸಿ ತೋಡುವ ಪ್ರಾಣಿಗೆ ಅದು ಬೇಡ ಅಂದುಕೊಂಡೆವು. ಅಜ್ಜಂಪುರದ ಮಾವನ ಮನೆಯ ಎರೆ ಈರುಳ್ಳಿಗೆ ಚೆನ್ನ. ಒದ್ದೆಯಾದರೆ ಕಾಲಿಗೆ ಮೆತ್ತುತ್ತದೆ, ಒಣಗಿದರೆ ಕಲ್ಲಿನಂತಾಗಿ ಬಿರುಕು ಬಿಡುತ್ತದೆ. ಅಲ್ಲದೆ ಅಲ್ಲಿ ಕಳೆನಾಶಕ ಹೊಡೆದಿದ್ದರು. ಹುತ್ತದ ಮಣ್ಣು ತರೋಣ ಅಂದವರಿಗೆ ಅಮ್ಮ ಕಣ್ಣು ಬಿಟ್ಟರು, ಮಾತು ಅಲ್ಲಿಗೇ ನಿಂತಿತು. ಕೊನೆಗೆ ಒಪ್ಪಿಗೆಯಾದದ್ದು ಕಡೂರಿನ ಚಿಕ್ಕಮ್ಮನ ಹಿತ್ತಿಲ ಕೆಮ್ಮಣ್ಣು. ಅದಕ್ಕೆ ಗೊಬ್ಬರ ಬಿದ್ದಿಲ್ಲ, ಔಷಧಿ ಬಿದ್ದಿಲ್ಲ. ಜರಡಿ ಹಿಡಿದು, ಗಾಜಿನ ಚೂರು, ಮೊಳೆ, ಕಲ್ಲು ತೆಗೆದು, ತಗಡಿನ ಮೇಲೆ ನಾಲ್ಕು ದಿನ ಬಿಸಿಲಿಗೆ ಹಾಕಿದೆವು. ಕಡೂರಿನಿಂದ ರೈಲಿಗೆ ಹೊರಟ ನೆಂಟರ ಕೈಯಲ್ಲಿ ಚೀಲ ಬೆಂಗಳೂರು ಸೇರಿತು.

ನಿಮ್ಮ ಮಕ್ಕಳೂ ಪೇಟೆಯಲ್ಲಿ ಇಂಥದ್ದು ಸಾಕಿದ್ದರೆ, ಆ ಹುಡುಗ ಮಾಡಿದ್ದನ್ನು ಅವರಿಗೆ ಹೇಳಿ. ಪ್ರಾಣಿ ಆರಾಮಾಗಿ ತಿರುಗುವಷ್ಟು ದೊಡ್ಡ ಪ್ಲಾಸ್ಟಿಕ್ ಟಬ್ಬು. ಅದರಲ್ಲಿ ಒಂದು ಅಡಿ ಮಣ್ಣು, ಜೊತೆಗೆ ತೊಳೆದ ನದಿ ಮರಳು. ಎಂ-ಸ್ಯಾಂಡ್ ಬೇಡ, ಅದು ಒಡೆದ ಕಲ್ಲು, ಅಂಚು ಚೂಪು, ದೂಳೂ ಹೆಚ್ಚು. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟಬೇಕು, ನೀರು ಜಿನುಗಬಾರದು. ಬೆರಳಿನಿಂದ ತೂತು ಮಾಡಿದರೆ ಕುಸಿಯದೆ ನಿಲ್ಲಬೇಕು. ಬರೀ ಒಣ ಮರಳಾದರೆ ಬಿಲ ಪ್ರಾಣಿಯ ಮೇಲೆಯೇ ಬೀಳುತ್ತದೆ. ಪೆಟ್ಟಿಗೆಯಲ್ಲಿ ಭಾರದ ಕಲ್ಲಿಡುವುದಾದರೆ ಮಣ್ಣಿನ ಮೇಲೆ ಇಡಬಾರದು, ತಳಕ್ಕೇ ಕೂರಿಸಬೇಕು. ಇಲ್ಲದಿದ್ದರೆ ಅದರ ಕೆಳಗೇ ತೋಡಿ ಸಿಕ್ಕಿಕೊಳ್ಳುತ್ತವೆ. ಆಹಾರ ಮಣ್ಣಿನ ಮೇಲೆ ಹಾಕದೆ ತಟ್ಟೆಯಲ್ಲಿ ಕೊಡಬೇಕು, ಮಣ್ಣು ನುಂಗಿದರೆ ಕರುಳು ಕಟ್ಟುತ್ತದೆ. ತೀರಾ ಮರಿಗಳಿಗೆ ಪೇಪರ್ ಹಾಸೇ ಸಾಕು. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು. ಮಣ್ಣು ಕೊಟ್ಟ ಮೇಲೂ ಮೊಟ್ಟೆ ಇಡದೆ ಸೊರಗಿದರೆ ಮತ್ತೆ ಡಾಕ್ಟರ ಹತ್ತಿರವೇ ಓಡಬೇಕು.

ಮಾರನೇ ದಿನ ಮಧ್ಯಾಹ್ನ ಹುಡುಗ ವಿಡಿಯೊ ಕಳಿಸಿದ. ಬಾಲ ಮಾತ್ರ ಹೊರಗೆ, ಉಳಿದದ್ದೆಲ್ಲ ಕಡೂರಿನ ಮಣ್ಣೊಳಗೆ. ಸಂಜೆಗೆ ಹದಿನೆಂಟು ಮೊಟ್ಟೆ ಇಟ್ಟು, ಗುಂಡಿ ಮುಚ್ಚಿ, ಮೂತಿಯಿಂದ ಮಣ್ಣು ಒತ್ತಿ ಸಮ ಮಾಡಿತ್ತು.

ಆ ವಿಡಿಯೊ ಬಂದ ದಿನಗಳಲ್ಲೇ ನಮ್ಮ ಮನೆ ಅಂಗಳಕ್ಕೆ ಕಾಂಕ್ರೀಟು ಹಾಕುವ ಮಾತು ನಡೆದಿತ್ತು. ಅತ್ತಿಗೆಯ ಮಾತಿನಲ್ಲಿ ನ್ಯಾಯವಿತ್ತು. ಮಳೆಗಾಲದಲ್ಲಿ ಕೆಸರು ತುಳಿದು ಸಾಕಾಗಿದೆ, ಅಡಿಕೆ ಒಣಗಿಸಲು ಜಾಗ ಬೇಕು. ಗೋಡೆಯಿಂದ ಬೇಲಿಯವರೆಗೂ ಹಾಕಿಬಿಡೋಣ ಅಂತ ಮೇಸ್ತ್ರಿ ಲೆಕ್ಕ ಕೊಟ್ಟಿದ್ದ.

ಆಗ ಅಮ್ಮ ದಾಸವಾಳದ ಬುಡ ತೋರಿಸಿದರು. ಮೊದಲ ಮಳೆಗಳು ಬಿದ್ದು ನೆಲ ಮೆದುವಾದಾಗ ನಮ್ಮ ಓತಿಕ್ಯಾತ ಮೊಟ್ಟೆ ಇಡುವುದು ಅಲ್ಲೇ. ಮುಂಗಾಲಿನಿಂದ ಗುಂಡಿ ತೋಡಿ, ಹತ್ತಿಪ್ಪತ್ತು ಮೊಟ್ಟೆ ಇಟ್ಟು, ಮುಚ್ಚಿ ಹೋದರೆ ಮತ್ತೆ ತಿರುಗಿ ನೋಡುವುದಿಲ್ಲ. ಮೆತ್ತನೆ ಸಿಪ್ಪೆಯ ಆ ಮೊಟ್ಟೆಗಳು ಮಣ್ಣಿನ ತೇವ ಹೀರಿಕೊಂಡೇ ಬೆಳೆಯಬೇಕು. ಆರೇಳು ವಾರಕ್ಕೆ ಮರಿ. ಪಕ್ಕದ ಮೂಡಿಗೆರೆಯಲ್ಲಿದ್ದ ಪೂರ್ಣಚಂದ್ರ ತೇಜಸ್ವಿಯವರು 'ಕರ್ವಾಲೊ'ದಲ್ಲಿ ಹಾರುವ ಓತಿಯನ್ನು ಕನ್ನಡಿಗರಿಗೆಲ್ಲ ಪರಿಚಯಿಸಿದರು. ಮರದಿಂದ ಮರಕ್ಕೆ ತೇಲುವ ಆ ಓತಿಯೂ ಮೊಟ್ಟೆ ಇಡಲು ನೆಲಕ್ಕೇ ಇಳಿಯಬೇಕು.

ಹಾಗಂತ ನಮ್ಮವನ್ನು ಹಿಡಿದು ಪೆಟ್ಟಿಗೆಗೆ ಹಾಕುವ ಆಸೆ ಯಾರಿಗೂ ಬೇಡ. ಉಡವನ್ನಂತೂ ಹಿಡಿಯುವುದು, ಸಾಕುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ನಮ್ಮ ಓತಿಗಳಿಗೆ ಟಬ್ಬು, ದೀಪ ಏನೂ ಬೇಕಿಲ್ಲ. ಬಿಸಿಲು ಬೀಳುವ ಒಂದಿಷ್ಟು ಬರಿ ನೆಲ ಬಿಟ್ಟರೆ ಸಾಕು.

ಅತ್ತಿಗೆ ಯೋಚನೆ ಮಾಡಿ, "ಬೇಲಿ ಪಕ್ಕ ಮೂರಡಿ ಬಿಡಿ, ಅಡಿಕೆಗೆ ಉಳಿದದ್ದು ಸಾಕು" ಅಂದರು. ಮೇಸ್ತ್ರಿ ಅಲ್ಲಿಗೆ ದಾರ ಎಳೆದ. ಆ ಮೂರಡಿಗೆ ನಾವು ಔಷಧಿ ಹೊಡೆಯುವುದಿಲ್ಲ, ಅಗೆಯುವುದೂ ಇಲ್ಲ.