ರಾಜೇಶ್ವರದ ತೊಗರಿ ಹೊಲದಲ್ಲಿ

1948ರ ಸೆಪ್ಟೆಂಬರ್ 14. ನೀವು ಕಲ್ಯಾಣಿಯಿಂದ ಹುಮನಾಬಾದಿಗೆ ಹೊರಟಿದ್ದೀರಿ. ಕಲ್ಯಾಣಿ ಬಸವಕಲ್ಯಾಣ ಆಗಲು ಇನ್ನೂ ಎಂಟು ವರ್ಷ. ಸೊಲ್ಲಾಪುರ–ಹೈದರಾಬಾದ್ ರಸ್ತೆ ಮುಟ್ಟಿದರೂ ಒಂದು ಗಾಡಿ ಎದುರಾಗಿಲ್ಲ. ರಾಜೇಶ್ವರ ಇನ್ನೇನು ಬಂತು ಅನ್ನುವಾಗ ಪಡುವಣದಿಂದ ಗುಡುಗಿನಂಥ ಸದ್ದು. ಗುಡುಗಾದರೆ ನಿಲ್ಲಬೇಕಿತ್ತು. ಇದು ಬೆಳೆಯುತ್ತಲೇ ಇದೆ.

“ಕಾಕಾ, ಮಲ್ಕೋರಿ! ವಿಮಾನ ಬಂದಾವ!”

ಹತ್ತು ವರ್ಷದ ಹುಡುಗನೊಬ್ಬ ನಿಮ್ಮ ಧೋತರದ ಚುಂಗು ಹಿಡಿದು ಜಗ್ಗುತ್ತಾನೆ. ಇಬ್ಬರೂ ತೊಗರಿ ಸಾಲಿನ ನಡುವೆ ಬೋರಲು ಬೀಳುತ್ತೀರಿ. ತಣ್ಣನೆಯ ಎರೆಮಣ್ಣು ಎದೆಗೆ ಮೆತ್ತಿಕೊಳ್ಳುತ್ತದೆ. ಮೂಗಿನ ಮುಂದೆ ಇರುವೆಯೊಂದು ಬಾಡಿದ ಎಲೆ ಎಳೆಯುತ್ತಿದೆ. ನೆಲ ಅದುರಿದಾಗ ಅದು ಎಲೆ ಬಿಟ್ಟು ನಿಲ್ಲುತ್ತದೆ, ಮತ್ತೆ ಹಿಡಿಯುತ್ತದೆ.

ಮೇಲೆ ಹಾದದ್ದು ಭಾರತದ ಟೆಂಪೆಸ್ಟ್ ವಿಮಾನಗಳು. ನಿಜಾಮರ ಹೈದರಾಬಾದ್ ಸಂಸ್ಥಾನವನ್ನು ವಶಕ್ಕೆ ತೆಗೆದುಕೊಳ್ಳಲು ಹೊರಟ ಮೇಜರ್ ಜನರಲ್ ಜೆ.ಎನ್. ಚೌಧುರಿಯವರ ಪಡೆ ನಿನ್ನೆ ನಳದುರ್ಗ ಹಿಡಿದು ಉಮರ್ಗಾ ತಲುಪಿದೆ. ಅದಕ್ಕೆ ದಾರಿ ಬಿಡಿಸಲು, ರಸ್ತೆಯ ಪಕ್ಕ ಹೊಂಚು ಹಾಕಿ ಕೂತವರ ಮೇಲೆ ಇವು ಎರಗುತ್ತಿವೆ.

“ನಿಜಾಮ್ ಸಾಹೇಬ್ರ ಬಲ್ಲಿ ವಿಮಾನ ಇಲ್ಲೇನ್ರಿ ಕಾಕಾ?”

ಏನು ಹೇಳುತ್ತೀರಿ? ಮೊದಲ ಮಹಾಯುದ್ಧದಲ್ಲಿ ಹೈದರಾಬಾದಿನ ಹೆಸರು ಹೊತ್ತ 110ನೇ ಸ್ಕ್ವಾಡ್ರನ್ನಿಗೆ ವಿಮಾನ ಕೊಡಿಸಿದ್ದು ನಿಜಾಮರ ದುಡ್ಡೇ. ಅವು ಹಾರಿದ್ದು ಬ್ರಿಟಿಷರಿಗಾಗಿ. ಇಂಥ ನೆರವಿಗೆ ಪ್ರತಿಯಾಗಿ ‘ನಂಬಿಗಸ್ತ ಮಿತ್ರ’ ಎಂಬ ಬಿರುದು ಬಂತು. 1947ರ ನವೆಂಬರ್ 29ರಂದು ಭಾರತದೊಂದಿಗೆ ಯಥಾಸ್ಥಿತಿ ಒಪ್ಪಂದವಾಯಿತು. ಆ ಹೊತ್ತಿನಲ್ಲೇ ಪಾಕಿಸ್ತಾನಕ್ಕೆ 20 ಕೋಟಿ ರೂಪಾಯಿಯ ಸಾಲಪತ್ರ ಹೋಯಿತು. ಆ ಕಡೆಯಿಂದ ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ವಿಮಾನಿ ರಾತ್ರಿ ಹೊತ್ತು ಕರಾಚಿಯಿಂದ ಕೋವಿ, ಮದ್ದುಗುಂಡು ಹೊತ್ತು ತಂದ. ಅವನ ವಿಮಾನ ಇಳಿಯುತ್ತಿದ್ದ ತಾಣಗಳಲ್ಲಿ ನಮ್ಮ ಬೀದರ್ ಒಂದು.

ಕೊಟ್ಟದ್ದೂ ತಂದದ್ದೂ ಅರಮನೆಯ ಮಾತಿನ ಮೇಲೆ. ಕಂದಾಯ ಕಟ್ಟಿದವರು ಈ ಹೊಲದವರು. ಅವರನ್ನು ಯಾರೂ ಕೇಳಲಿಲ್ಲ. ನನ್ನನ್ನು ಇಂದಿಗೂ ಕಾಡುವುದು ಇದೇ. ಹೋಲಿಸಿ ನೋಡಿ: ಮುಂದೆ 1961ರಲ್ಲಿ ಅಮೆರಿಕ ವಿದೇಶಿ ನೆರವಿನ ಕಾಯ್ದೆ ಮಾಡಿತು. ಅಲ್ಲಿನ ಅಧ್ಯಕ್ಷರು ಅದರಡಿ ತಮ್ಮ ಸೇನೆಯ ದಾಸ್ತಾನಿನಿಂದ ಮಿತ್ರದೇಶಕ್ಕೆ ಶಸ್ತ್ರ ಕಳಿಸಬಹುದು, ಆದರೆ ವರ್ಷಕ್ಕೆ ಇಷ್ಟೇ ಎಂಬ ಮಿತಿ ಇದೆ, ಸಂಸತ್ತಿಗೆ ತಿಳಿಸಲೂಬೇಕು. ಆ ಮಿತಿ ಸಡಿಲಗೊಂಡದ್ದೂ ಉಂಟು. ಆದರೂ ಕೇಳಲು ಒಂದು ಸಭೆ ಇದೆ. ರಾಜೇಶ್ವರದ ರೈತನಿಗೆ ಅಂಥ ಬಾಗಿಲೇ ಇರಲಿಲ್ಲ.

“ಪಾಕಿಸ್ತಾನದ್ ಫೌಜು ಬರ್ತದಂತಲ್ರಿ?”

ಬರುವುದಿಲ್ಲ. ಜಿನ್ನಾ ತೀರಿಕೊಂಡು ಮೂರು ದಿನವಾಗಿದೆ. ಬೀದರಿನ ವಿಮಾನತಾಣಕ್ಕೆ ನಿನ್ನೆಯೇ ಬಾಂಬು ಬಿದ್ದಿದೆ. 16ರಂದು ಪ್ಯಾರಿಸಿನಲ್ಲಿ ಭದ್ರತಾ ಮಂಡಳಿ ಹೈದರಾಬಾದಿನ ದೂರು ಎತ್ತಿಕೊಳ್ಳುವ ದಿನ, ಚೌಧುರಿಯವರ ಟ್ಯಾಂಕುಗಳು ನೆಲಬಾಂಬು ಕಿತ್ತು ಜಹೀರಾಬಾದ್ ದಾಟಿರುತ್ತವೆ. 17ಕ್ಕೆ ನಿಜಾಮರು ಕದನ ನಿಲ್ಲಿಸುತ್ತಾರೆ.

ಕದನ ನಿಂತರೂ ಸಾವು ನಿಲ್ಲಲಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಇಲ್ಲೇ ಹತ್ತಿರದ ಗೋರ್ಟಾದಲ್ಲಿ, ನಿಜಾಮರ ಪರ ನಿಂತ ಸಶಸ್ತ್ರ ಗುಂಪಾದ ರಜಾಕಾರರು ಹಿಂದೂಗಳನ್ನು ಕೊಂದಿದ್ದರು. ಸೆಪ್ಟೆಂಬರಿನ ಸೇಡು ಬಿದ್ದದ್ದು ರಜಾಕಾರರಲ್ಲದ ಮುಸ್ಲಿಮರ ಮನೆಗಳ ಮೇಲೂ. ಇದನ್ನು ವಿಚಾರಿಸಲು ಭಾರತ ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರನ್ನೂ ಹೆಸರಿಸಿತು. ಎರಡೂ ಕಡೆಯ ಹೆಣಗಳನ್ನು ಒಂದೇ ಉಸಿರಿನಲ್ಲಿ ನೆನೆಯಲಾರದವರು ಈ ರಸ್ತೆಯ ಕತೆ ಹೇಳಬಾರದು.

ದುಡ್ಡಿನ ಕತೆ ಮಾತ್ರ ಬೇರೆ ದಾರಿ ಹಿಡಿಯಿತು. ಸೆಪ್ಟೆಂಬರ್ 20ರಂದು ಲಂಡನ್ನಿನ ಬ್ಯಾಂಕಿನಲ್ಲಿದ್ದ ಹೈದರಾಬಾದಿನ ಹತ್ತು ಲಕ್ಷ ಪೌಂಡ್ ಪಾಕಿಸ್ತಾನದ ಹೈಕಮಿಷನರ್ ಹೆಸರಿಗೆ ಹೋಯಿತು. ಅದು ತಮ್ಮ ಅಪ್ಪಣೆಯಿಲ್ಲದೆ ಆದದ್ದು ಎಂದು ನಿಜಾಮರು ವಾರದೊಳಗೇ ವಾಪಸು ಕೇಳಿದರು. ತೀರ್ಪು ಬಂದದ್ದು 2019ರ ಅಕ್ಟೋಬರ್ 2ರಂದು. ಬಡ್ಡಿ ಬೆಳೆದು ಆ ಹಣ ಸುಮಾರು 3.5 ಕೋಟಿ ಪೌಂಡ್ ಆಗಿತ್ತು, ಭಾರತಕ್ಕೂ ನಿಜಾಮರ ವಾರಸುದಾರರಿಗೂ ಸೇರಿತು.

ಇತ್ತ ಆ ದಿನದ ರಾಜೇಶ್ವರದಲ್ಲಿ, ವಿಮಾನಗಳ ಹಿಂದೆ ಬಂದ ಟ್ಯಾಂಕುಗಳೂ ದಾಟಿಹೋಗಿ, ಸದ್ದು ಅಡಗಿದೆ. ಹುಡುಗ ಎದ್ದು ರಸ್ತೆಯ ಅಂಚಿಗೆ ಓಡುತ್ತಾನೆ. ಟ್ಯಾಂಕಿನ ಜಾಡು ಅವರ ಹೊಲದ ಬದುವನ್ನು ಸೀಳಿ ಹೋಗಿದೆ. ಕೂತು, ಗೇಣು ಹಾಕಿ ಅದರ ಅಗಲ ಅಳೆಯುತ್ತಾನೆ. ಆಮೇಲೆ ಅಡ್ಡಬಿದ್ದ ತೊಗರಿ ಗಿಡವೊಂದನ್ನು ಎತ್ತಿ ನಿಲ್ಲಿಸಿ, ಬುಡಕ್ಕೆ ಎರಡೂ ಕೈಯಿಂದ ಮಣ್ಣು ಒತ್ತುತ್ತಾನೆ.